ಕಾಣದ ಬೆಸುಗೆ

ಕಾರೆಂದರೆ ನನಗೆ ಪೆಟ್ರೋಲಿನ ವಾಸನೆ ಮತ್ತು ಘಾಟಿಯ ತಿರುವುಗಳಲ್ಲಿ ಬರುವ ಓಕರಿಕೆ, ಅಷ್ಟೇ. ಅಂಥ ನಾನು ಕಳೆದ ಬೇಸಿಗೆ ರಜೆಯಲ್ಲಿ ಜರ್ಮನಿಯ ಓಸ್ನಾಬ್ರೂಕಿಗೆ, ಮಗಳ ಮನೆಗೆ ಹೋದಾಗ, ಒಂದು ಹಳೆಯ ಕಾರಿನ ಮುಂದೆ ಅರ್ಧ ಗಂಟೆ ನಿಂತಿದ್ದೆನೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ.

ಅದು ಪಕ್ಕದ ಮನೆಯ ಅಜ್ಜನದು. ಎರಡು ಬಾಗಿಲಿನ ಕೂಪೆ. ಹೆಸರು ಕಾರ್ಮನ್ ಗಿಯಾ. ರೂಪ ಕೊಟ್ಟದ್ದು ಇಟಲಿಯ ಗಿಯಾ ಸಂಸ್ಥೆ, ಮೈ ಕಟ್ಟಿದ್ದು ಅದೇ ಊರಿನ ಕಾರ್ಮನ್ ಕಾರ್ಖಾನೆ, 1955ರಿಂದ 1974ರವರೆಗೆ. ನೋಡಲು ಓಟದ ಕುದುರೆ. ಒಳಗಿರುವುದು ಫೋಕ್ಸ್‌ವ್ಯಾಗನ್ ಬೀಟಲಿನ ಸಾಧು ಎಂಜಿನ್. ಮೊದಮೊದಲ ಕಾರುಗಳಿಗೆ ಬರೀ 30 ಅಶ್ವಶಕ್ತಿ! ಆ ಎಂಜಿನ್ ಹಿಂದುಗಡೆ ಇದೆ, ಗಾಳಿಯಿಂದಲೇ ತಣಿಯುತ್ತದೆ. ಹಾಗಾಗಿ ಮುಂದೆ ದೊಡ್ಡ ಜಾಲರಿ ಬೇಕಿಲ್ಲ. ಮೂಗಿನ ಹೊಳ್ಳೆಗಳಂತೆ ಎರಡು ಗಾಳಿಕಿಂಡಿ, ಅಲ್ಲಿಂದ ಹಿಂದಿನವರೆಗೆ ಎಲ್ಲೂ ತಡೆಯದ ಬಾಗು.

ಅಜ್ಜ ಅದೇ ಕಾರ್ಖಾನೆಯಲ್ಲಿ ದುಡಿದವರು. ತುಕ್ಕು ತಿಂದ ಕಾರನ್ನು ತಂದು ಆರು ವರ್ಷ ಕೂತು ಸರಿಮಾಡಿದ್ದರು. "ತಗಡು ಎಲ್ಲಿ ಸೇರಿದೆ, ಸವರಿ ಹೇಳಿ" ಎಂದರು. ಮಗಳು ಕನ್ನಡದಲ್ಲಿ ತಿಳಿಸಿದಳು. ಸವರಿದೆ. ಗೆರೆಯೇ ಸಿಗಲಿಲ್ಲ. ಬೋಲ್ಟು ಹಾಕದೆ ತಗಡುಗಳನ್ನು ಬೆಸೆದು, ಸಂದಿಗೆ ಸೀಸ, ತವರ ಕರಗಿಸಿ ತುಂಬಿ, ಅರದಿಂದ ಉಜ್ಜಿ ನಯ ಮಾಡುತ್ತಿದ್ದರಂತೆ. ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ನೆನಪಾದ.

"ಅಂದವೇನೋ ಸರಿ. ಆದರೆ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಬಿಚ್ಚಿ ಬೇರೆಯದನ್ನು ಕೂರಿಸುವಂತಿಲ್ಲ. ಕತ್ತರಿಸಿ, ಮತ್ತೆ ಬೆಸೆದು, ಮತ್ತೆ ಉಜ್ಜಬೇಕು."

ಈ ಮಾತನ್ನು ಹೇಳುತ್ತ ಮಗಳು ನಡುವೆಯೇ ತಡವರಿಸಿದಳು. ಅವಳು ಮೆಚ್ಚಿದ ಹುಡುಗನನ್ನು ನಾನು ಒಪ್ಪಿರಲಿಲ್ಲ, ಮದುವೆಗೂ ಹೋಗಿರಲಿಲ್ಲ. ಎರಡು ವರ್ಷ ಮಾತಿಲ್ಲ. ಕೊನೆಗೆ ಅಳಿಯನೇ ಟಿಕೆಟ್ ಕಳಿಸಿ ಕರೆಸಿದ್ದ. ಬಂದು ಹತ್ತು ದಿನವಾದರೂ ಅಡುಗೆ, ಚಳಿ ಬಿಟ್ಟು ನಮ್ಮಿಬ್ಬರಿಗೆ ಬೇರೆ ಮಾತು ಹುಟ್ಟಿರಲಿಲ್ಲ.

"ಬೆಸೆದ ಜಾಗ ಅವರಿಗೂ ಕಾಣಿಸುವುದಿಲ್ಲವಂತಾ? ಕೇಳು," ಎಂದೆ.

ಅಜ್ಜ ನಕ್ಕು, ದೀಪದ ಪಕ್ಕ ಒಂದು ಕಡೆ ಬೆರಳಿಟ್ಟರು. ಉಜ್ಜಿದ ಕೈಗೆ ಗೊತ್ತಿರುತ್ತದಂತೆ.

ಆ ರಾತ್ರಿ ಪಾತ್ರೆ ಒರೆಸುತ್ತ ನಾನೇ ಬಾಯಿಬಿಟ್ಟೆ: "ನಿನ್ನ ಮದುವೆಗೆ ಬರಬೇಕಿತ್ತು ಕಣೇ."

ಅವಳು ನಲ್ಲಿ ನಿಲ್ಲಿಸಿದಳು. ತುಸು ಹೊತ್ತು ಸುಮ್ಮನಿದ್ದು ಕೇಳಿದಳು: "ಬಂದಿದ್ದರೆ ಯಾವ ಸೀರೆ ಉಡ್ತಿದ್ದೆ ಅಮ್ಮಾ?"