ಯಾವ ಆಯಿ?

ನಮ್ಮ ಮನೆಯಲ್ಲಿ ಮಕ್ಕಳು 'ಆಯಿ' ಎಂದು ಕೂಗಿದರೆ ಇಬ್ಬರು ಓಗೊಡುತ್ತಾರೆ. ಧಾರವಾಡ ಸೀಮೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ಆಯಿ ಅಂದರೆ ಅವ್ವ. ನನ್ನ ಹೆಂಡತಿ ಖಾನಾಪುರ ಕಡೆಯ ಮರಾಠಿ ಮನೆಯ ಮಗಳು. ನನ್ನವ್ವನಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಹೀಗಾಗಿ ಅಡುಗೆಮನೆಯಿಂದ 'ಕಾಯ್ ಗ?' ಎಂಬುದೂ ಪಡಸಾಲೆಯಿಂದ 'ಏನವಾ?' ಎಂಬುದೂ ಒಟ್ಟಿಗೇ ಬರುತ್ತವೆ.

ಇನ್ನೊಂದಿದೆ. ಮರಾಠಿಯಲ್ಲಿ ಅಕ್ಕನಿಗೆ 'ತಾಈ'. ಐದು ವರ್ಷದ ಸಣ್ಣಾಕಿ ಎಂಟು ವರ್ಷದ ದೊಡ್ಡಾಕಿಯನ್ನು ಹಾಗೇ ಕರೆಯುತ್ತಾಳೆ. ಅಂಗನವಾಡಿಯಲ್ಲಿ ಟೀಚರು, "ನಿಮ್ಮ ತಾಯಿ ಏನ್ ಮಾಡ್ತಾರವಾ?" ಎಂದು ಕೇಳಿದರೆ, "ಮೂರನೆತ್ತೆ ಓದ್ತಾಳ್ರಿ" ಅಂದಳಂತೆ. ಸಂಜೆ ದೊಡ್ಡಾಕಿ ತಂಗಿಯನ್ನು ಎದುರಿಗೆ ಕೂಡ್ರಿಸಿಕೊಂಡು, "ಸಾಲ್ಯಾಗ ತಾಯಿ ಅಂದ್ರ ಆಯಿ. ಮನ್ಯಾಗ ತಾಈ ಅಂದ್ರ ನಾನು" ಎಂದು ಬಿಡಿಸಿ ಹೇಳಿದಳು. ಆಮೇಲೆ ಸಣ್ಣಾಕಿ ತಪ್ಪಿಲ್ಲ.

ಮಳೆ ಹಿಂದೆ ಸರಿದು, ಗೋವಿನಜೋಳದ ತೆನೆ ಒಣಗಿ, ಭತ್ತ ಹಾಲುಗಟ್ಟುವ ಈ ದಿನಗಳಲ್ಲಿ ಎರಡೂ ಮಾತುಗಳಿಗೆ ಮನೆಯಲ್ಲಿ ಕೈತುಂಬ ಕೆಲಸ. ದಸರೆಗೆ ನಾವು ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಬೀಗರ ಮನೆಯಿಂದ ಆಪ್ಟೆ ಎಲೆ ಬರುತ್ತದೆ, ನಡುವೆ ಸೀಳಿದಂತೆ ಕಂಡರೂ ಒಂದೇ ಎಲೆ. ಅದನ್ನು ಕೊಡುವಾಗ ಅವರ ಮಾತು, "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ." ಬಂಗಾರ ತಗೊಳ್ಳಿ, ಬಂಗಾರದಂತಿರಿ. ಎರಡೂ ಒಂದೇ ಮಾತು ಅಂದುಕೊಂಡಿದ್ದೆ. ದೊಡ್ಡಾಕಿ ಕೇಳಿದಳು: "ಅಪ್ಪಾ, ಮರಾಠಿಯೊಳಗ ನೀವು ಇರ್ರಿ ಅಂತಾರ. ಕನ್ನಡದಾಗ ಇರೋಣ ಅಂತೇವಿ. ನಾವೂ ಸೇರತೇವಲ್ಲಾ?" ನಲವತ್ತು ದಸರೆ ಕಂಡ ನಾನು ಆ 'ಇರೋಣ'ವನ್ನು ಅಂದೇ ಕೇಳಿಸಿಕೊಂಡೆ.

"ಹುಡುಗ್ಯಾರಿಗೆ ಮರಾಠಿ ಯಾಕ? ಕನ್ನಡಾ, ಇಂಗ್ಲಿಷಾ ಬಂದ್ರ ಸಾಕಲ್ಲ" ಎಂದು ನೆಂಟರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರಲು ಧಾರವಾಡದ ಚರಿತ್ರೆಯೇ ಕಾರಣ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕೂತು ಓದಬೇಕಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆ ತರಲು ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮನೆಯ ಮಾತನ್ನು ಹೊಸ್ತಿಲಲ್ಲೇ ಬಿಟ್ಟು ಬಾ ಎಂದರೆ ಕೂಸಿಗೆ ಏನಾಗುತ್ತದೆ ಎಂಬುದು ನಮ್ಮವರಿಗೆ ಗೊತ್ತಿದೆ. ಗೊತ್ತಿದ್ದವರೇ ನನ್ನ ಹೆಂಡತಿಯ ಮಾತಿಗೆ ಹಾಗೆ ಅನ್ನಬಾರದು. ಧಾರವಾಡದ ಆಡುಮಾತಿನ ಸೊಗಸನ್ನು ನಾಡಿಗೆಲ್ಲ ಉಣಿಸಿ 1973ರ ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆಮಾತೂ ಮರಾಠಿಯೇ ಅಲ್ಲವೆ? ಒಂದು ಮಾತು ಇನ್ನೊಂದರ ಅನ್ನ ಕಸಿಯಲಿಲ್ಲ.

ಆದರೂ ನಮ್ಮೂರು ದೇವಿಕೊಪ್ಪದಲ್ಲಿ ಹೆಂಡತಿಯ ಮರಾಠಿಗೆ ಜೊತೆ ಕಡಿಮೆ. ಹಾಲು ತರುವ ಗೌಳಿ ಅಜ್ಜಿಯೇ ಮೊದಲ ಗೆಳತಿ. ಕಾಡಿನಂಚಿನ ದಡ್ಡಿಯ, ಅಂದರೆ ಗೌಳಿಗರ ಹಟ್ಟಿಯ, ಆ ಮರಾಠಿ ಖಾನಾಪುರದ್ದಲ್ಲ, ಪುಸ್ತಕದ್ದಂತೂ ಅಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಕೇಳಿ ಹೆಂಡತಿ ಚೊಂಬು ಹಿಡಿದುಕೊಂಡೇ ಅತ್ತಿದ್ದಳು.

ಸೀಗಿ ಹುಣ್ಣಿಮೆ ನನಗೆ ಎಲ್ಲಕ್ಕಿಂತ ಹೆಚ್ಚಿನದು. ಅಂದು ಭೂತಾಯಿ ಬಸುರಿ, ಅವಳಿಗೆ ಬಯಕೆಯೂಟ. ಅವ್ವ ನಸುಕಿನಲ್ಲೆದ್ದು ಸಜ್ಜಿ ರೊಟ್ಟಿ, ಕಡುಬು, ಹೋಳಿಗಿ, ಪುಂಡಿಪಲ್ಯ ಮಾಡಿ ಬುಟ್ಟಿ ಕಟ್ಟಿದಳು. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ನಾನು ಚರಗ ಚೆಲ್ಲುತ್ತ ನಡೆದೆ. ಹಿಂದೆ ನೀರು ಚಿಮುಕಿಸುತ್ತ ಬರುವ ಕೆಲಸ ಮಕ್ಕಳದು. "ಭೂತಾಯಿ ಅಂದ್ರ ಯಾವ ತಾಯಿ? ತಾಈನಾ, ಆಯಿನಾ?" ಎಂದು ಸಣ್ಣಾಕಿ ಕೇಳಿದಳು. ಬದುವಿನ ಮೇಲೆ ಕೂತಿದ್ದ ಅವ್ವ, "ಎಲ್ಲಾರಕಿಂತ ಹಿರೇ ಆಯಿ, ಬಂಗಾರಾ" ಅಂದಳು.

ಅದೇ ಹುಣ್ಣಿಮೆಯ ರಾತ್ರಿ ಮರಾಠಿಗರಿಗೆ ಕೊಜಾಗಿರಿ. ಗೌಳಿ ಅಜ್ಜಿ ಎರಡು ಸೇರು ಹಾಲು ಹೆಚ್ಚಿಗೆ ಕೊಟ್ಟಿದ್ದಳು. ಕೇಸರಿ, ಯಾಲಕ್ಕಿ, ಬಾದಾಮಿ ಹಾಕಿ ಕುದಿಸಿ, ಪಾತೇಲಿಯನ್ನು ಬೆಳದಿಂಗಳು ಬೀಳುವಂತೆ ಅಂಗಳದಲ್ಲಿಟ್ಟೆವು. ಲಕ್ಷ್ಮಿ ಮನೆಮನೆಯ ಮುಂದೆ ಬಂದು 'ಯಾರು ಎಚ್ಚರಿದ್ದೀರಿ?' ಎಂದು ಕೇಳುತ್ತಾಳಂತೆ. ಹೆಂಡತಿ ಕತೆಯನ್ನು ಮರಾಠಿಯಲ್ಲಿ ಹೇಳಿದಳು, ದೊಡ್ಡಾಕಿ ಅವ್ವನಿಗೆ ಕನ್ನಡದಲ್ಲಿ ದಾಟಿಸಿದಳು.

"ಆಕಿ ಕನ್ನಡದಾಗ ಕೇಳಿದ್ರ ನಾ ಹೇಳ್ತೇನಿ, ಮರಾಠಿಯೊಳಗ ಕೇಳಿದ್ರ ತಾಈ ಹೇಳ್ಲಿ" ಎಂದು ಸಣ್ಣಾಕಿ ಪಾಳಿ ಹಂಚಿದಳು. ಹಾಲು ಆರುವುದರೊಳಗೆ ಅವಳಿಗೆ ನಿದ್ದೆ ಹತ್ತಿತು. "ಗೋಧಡಿ" ಎಂದು ಹೆಂಡತಿ ಕೈ ಚಾಚಿದಳು. ಅವ್ವ ಕೌದಿ ತಂದು ಕೊಟ್ಟಳು.