ಹತ್ತು ಗಂಟೆ ವಿರಾಮ, ಕಾಗದದ ಮೇಲೆ



ಡೊಂಬಿವ್ಲಿಯಿಂದ ಬಂದ ನಿಮ್ಮ ಪತ್ರ ಓದಿದೆ. ಮಗನ ಹಡಗು ನಾವಾಶೇವಾ ಬಂದರಿಗೆ ಬಂದರೂ ಮನೆಗೆ ಬಂದು ಒಂದು ತುತ್ತು ಉಣ್ಣಲಿಲ್ಲ, ಫೋನಿನಲ್ಲೂ ಅರ್ಧ ಮಾತಿಗೇ ತೂಕಡಿಸಿದ ಎಂದು ನೊಂದುಕೊಂಡಿದ್ದೀರಿ. ಅವನ ಮೇಲೆ ಮುನಿಸು ಬೇಡ.

ಬಂದರು ಸೇರಿದರೆ ಹಡಗಿನವರಿಗೆ ವಿಶ್ರಾಂತಿ ಎಂದು ದಡದವರಾದ ನಾವು ತಿಳಿಯುತ್ತೇವೆ. ನಡೆಯುವುದು ತಿರುಗಾಮುರುಗಾ. ನಡುಗಡಲಿನಲ್ಲಿ ನಾಲ್ಕು ಗಂಟೆ ವಾಚು (ಕಾವಲು ಪಾಳಿ), ಎಂಟು ಗಂಟೆ ಬಿಡುವು ಎಂಬ ಕ್ರಮವಾದರೂ ಉಂಟು. ಬಂದರಿಗೆ ಬಂದರೆ ದಾರಿ ತೋರುವ ಪೈಲಟ್ ಹತ್ತಬೇಕು, ಹಗ್ಗ ಕಟ್ಟಬೇಕು. ಆಮೇಲೆ ಸರಕಿನ ಇಳಿಸು-ಏರಿಸು, ಕಸ್ಟಮ್ಸಿನವರು, ಸರ್ವೆಯರು, ತಪಾಸಣೆ. ಕಂಟೇನರ್ ಹಡಗು ಒಂದು ದಿನ ನಿಂತರೆ ಹೆಚ್ಚು. ಹೊರಟಾಗ ಮುಂಬಯಿಯ ಇಕ್ಕಟ್ಟಾದ ಹಡಗುದಾರಿ, ಕತ್ತಲಲ್ಲಿ ಮೀನುದೋಣಿಗಳು. 2010ರ ಆಗಸ್ಟ್ 7ರಂದು ಅಲ್ಲೇ ಎಂಎಸ್‌ಸಿ ಚಿತ್ರಾ, ಖಲೀಜಿಯಾ ಹಡಗುಗಳು ಡಿಕ್ಕಿಯಾಗಿ ಕಂಟೇನರುಗಳು ತೇಲಾಡಿದ್ದು ನಿಮಗೆ ನೆನಪಿರಬೇಕು. ಅದಕ್ಕೆ ನಿದ್ದೆಗೇಡು ಕಾರಣ ಎನ್ನುತ್ತಿಲ್ಲ. ಆದರೆ ಈ ನೀರಿನಲ್ಲಿ ಒಂದು ಗಳಿಗೆಯ ಮಂಪರಿಗೂ ಜಾಗವಿಲ್ಲ.

ನಿದ್ದೆಗೇಡಿನದೇ ಕಥೆ ಬೇಕಿದ್ದರೆ, ಅದೇ ವರ್ಷದ ಏಪ್ರಿಲ್ 3ರಂದು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದ ಕಲ್ಲಿದ್ದಲು ಹಡಗು ಶೆನ್ ನೆಂಗ್ 1 ಇದೆ. ವಾಚಿನಲ್ಲಿದ್ದ ಹಿರಿಯ ಅಧಿಕಾರಿ, ಚೀಫ್ ಮೇಟ್, ಬಂದರಿನಲ್ಲಿ ಸರಕು ತುಂಬಿಸುವುದನ್ನು ನೋಡಿಕೊಂಡು ಬಂದವನು. 38 ಗಂಟೆಗೂ ಮೀರಿದ ಅವಧಿಯಲ್ಲಿ ಅವನು ಮಲಗಿದ್ದು ಎರಡೂವರೆ ಗಂಟೆ!

ಕಾನೂನೇನೋ ಇದೆ. ಭಾರತ 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆ ವಿರಾಮ ಸಿಗಲೇಬೇಕು. ದಿನದ ವಿರಾಮವನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ. ಒಂದು ತುಂಡಾದರೂ 6 ಗಂಟೆಯದಾಗಿರಬೇಕು. 1998ರಲ್ಲಿ ಜಾರಿಗೆ ಬಂದ ಐಎಸ್ಎಂ (ಅಂತರರಾಷ್ಟ್ರೀಯ ಸುರಕ್ಷತಾ ನಿರ್ವಹಣಾ) ಸಂಹಿತೆ ಸುರಕ್ಷತೆಯ ಹೊಣೆಯನ್ನು ದಡದಲ್ಲಿ ಕುಳಿತ ಕಂಪನಿಯ ಹೆಗಲಿಗೂ ಹೇರಿತು. ಆದರೆ ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವುದು ವಿರಾಮದ ಗಂಟೆಗಳನ್ನು ಭರ್ತಿ ಮಾಡಿದ ಫಾರಂ. ಆ ಲೆಕ್ಕವನ್ನು ತಿದ್ದಿ ಸರಿಹೊಂದಿಸುವುದು ಹಡಗುಗಳಲ್ಲಿ ರೂಢಿಯಾಗಿದೆಯೆಂದು ವಿಶ್ವ ಸಾಗರ ವಿಶ್ವವಿದ್ಯಾಲಯದ 2020ರ ಅಧ್ಯಯನವೇ ಹೇಳಿದೆ. ತಿದ್ದುವ ಹುಡುಗರನ್ನು ನಾನು ದೂರಲಾರೆ. ಜನ ಸಾಲದ ಹಡಗಿನಲ್ಲಿ ನಿಜ ಬರೆದರೆ ಹಡಗು ನಿಲ್ಲಬೇಕು, ಯಾರು ನಿಲ್ಲಿಸುತ್ತಾರೆ?

ಮುಂದಿನ ಸಲ ಫೋನ್ ಬಂದಾಗ ಊಟ ಆಯಿತೇ ಎಂದಷ್ಟೇ ಕೇಳಬೇಡಿ. ವಾಚು ಹಂಚಿಕೊಳ್ಳಲು ಎಷ್ಟು ಜನ, ಆರು ಗಂಟೆ ದುಡಿಮೆ, ಆರು ಗಂಟೆ ಬಿಡುವಿನ ಪಾಳಿಯೇ ಎಂದೂ ಕೇಳಿ. ಹಡಗಿನಲ್ಲೇ ದೂರು ಕೊಡುವ ಹಕ್ಕು ಅವನಿಗಿದೆ, ಕೊಟ್ಟವನನ್ನು ಪೀಡಿಸುವಂತಿಲ್ಲ. ಅಲ್ಲಿ ಕೇಳುವವರಿಲ್ಲದಿದ್ದರೆ ನೌಕಾಯಾನ ಮಹಾನಿರ್ದೇಶನಾಲಯ (ಡಿಜಿ ಶಿಪ್ಪಿಂಗ್) ಕಾಂಜೂರ್‌ಮಾರ್ಗದಲ್ಲಿ, ನಿಮ್ಮ ಲೋಕಲ್ ರೈಲಿನ ದಾರಿಯಲ್ಲೇ ಇದೆ. ಆದರೆ ಅವನನ್ನು ಕೇಳದೆ ಹೋಗಬೇಡಿ. ಮುಂದಿನ ಕಾಂಟ್ರಾಕ್ಟಿನ ಚಿಂತೆ ಅವನಿಗಿರುತ್ತದೆ.

ನಿಮ್ಮವ