ಅವನಿಗೇನು ಕಡಿಮೆ?

2010ರ ಜುಲೈ. ಜೋಹಾನ್ಸ್‌ಬರ್ಗ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್ ಶುರುವಾದಾಗ ನಮ್ಮ ಹಾಸ್ಟೆಲ್ಲಿನ ಗಡಿಯಾರದಲ್ಲಿ ನಡುರಾತ್ರಿ ಹನ್ನೆರಡು. ಕ್ರಿಕೆಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲದವರೂ ಅಂದು ಟಿ.ವಿ. ರೂಮಿನಲ್ಲಿದ್ದರು. ಪಾಲ್ ಎಂಬ ಆಕ್ಟೋಪಸ್ ಸ್ಪೇನ್ ಗೆಲ್ಲುತ್ತದೆಂದು ಭವಿಷ್ಯ ನುಡಿದಿತ್ತಲ್ಲ, ಅರ್ಧ ಜನ ಅದು ನಿಜವಾಗುತ್ತದೋ ಇಲ್ಲವೋ ನೋಡಲು ಬಂದವರು.

ಆಟ ಚೆಂದವೇನೂ ಇರಲಿಲ್ಲ. ನೆದರ್ಲೆಂಡ್ಸ್‌ನವರು ಒದೆಯುತ್ತಿದ್ದರು, ಸ್ಪೇನ್‌ನವರು ಬೀಳುತ್ತಿದ್ದರು, ರೆಫರಿ ಹಳದಿ ಕಾರ್ಡು ಹಂಚುತ್ತಲೇ ಇದ್ದ. 116ನೇ ನಿಮಿಷದಲ್ಲಿ ಫ್ಯಾಬ್ರೆಗಾಸ್ ಕೊಟ್ಟ ಚೆಂಡು ಆಂದ್ರೆಸ್ ಇನಿಯೆಸ್ಟಾನ ಮುಂದೆ ಪುಟಿದೆದ್ದಿತು. ಅದು ಇಳಿಯುವವರೆಗೆ ಕಾದು ಬಲಗಾಲಿನಿಂದ ಹೊಡೆದ. ಗೋಲು! ಓಡುತ್ತಲೇ ಜೆರ್ಸಿ ಕಳಚಿದ. ಒಳಗಿನ ಬನಿಯನ್ನಿನ ಮೇಲೆ ಕೈಬರಹದಲ್ಲಿ ಏನೋ ಇತ್ತು. ಜೆರ್ಸಿ ಕಳಚಿದ ತಪ್ಪಿಗೆ ಅವನಿಗೂ ಒಂದು ಹಳದಿ ಕಾರ್ಡು.

"ಹುಡುಗಿ ಹೆಸರಿರ್ಬೇಕು ಬಿಡ್ರೋ" ಎಂದ ಯಾರೋ. ಎಲ್ಲರೂ ನಕ್ಕೆವು. ಪಕ್ಕದಲ್ಲಿ ಕೂತಿದ್ದ ನನ್ನ ರೂಮ್‌ಮೇಟ್ ಮಾತ್ರ ನಗಲಿಲ್ಲ. ಅವನು ಆಗಲೇ ಕೆಲವು ತಿಂಗಳಿಂದ ನಗುವುದನ್ನು ಬಿಟ್ಟಿದ್ದ.

ಆ ಬನಿಯನ್ನಿನ ಮೇಲೆ ಬರೆದಿದ್ದದ್ದು 'ದಾನಿ ಹಾರ್ಕೆ, ಸದಾ ನಮ್ಮೊಂದಿಗೆ' ಎಂದು. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಹಾರ್ಕೆ ಎಸ್ಪಾನ್ಯೋಲ್ ತಂಡದ ನಾಯಕ. ಬಾರ್ಸಿಲೋನಾ ನಗರದಲ್ಲೇ ಇರುವ, ಇನಿಯೆಸ್ಟಾನ ತಂಡಕ್ಕೆ ಎದುರಾಳಿಯಾದ ಕ್ಲಬ್ ಅದು. ಆದರೂ ಕಿರಿಯರ ರಾಷ್ಟ್ರೀಯ ತಂಡದ ಕಾಲದಿಂದ ಇಬ್ಬರೂ ಗೆಳೆಯರು. 2009ರ ಆಗಸ್ಟ್‌ನಲ್ಲಿ ಇಟಲಿಯಲ್ಲಿ ತಂಡದ ಜೊತೆ ತರಬೇತಿಗೆ ಹೋಗಿದ್ದಾಗ ಹಾರ್ಕೆ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಬರೀ 26.

ಆ ವರ್ಷ ಇನಿಯೆಸ್ಟಾನ ಪಾಲಿಗೆ ಎಂಥದ್ದು ನೋಡಿ. ಮೇ ತಿಂಗಳಲ್ಲಿ ಚೆಲ್ಸಿ ವಿರುದ್ಧ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ತಂಡವನ್ನು ಚಾಂಪಿಯನ್ಸ್ ಲೀಗ್ ಫೈನಲ್‌ಗೆ ದಾಟಿಸಿದ್ದ. ಬಾರ್ಸಿಲೋನಾ ಒಂದೇ ಋತುವಿನಲ್ಲಿ ಮೂರು ಪ್ರಶಸ್ತಿ ಗೆದ್ದಿತ್ತು. ಗಾರೆ ಕೆಲಸದವನ ಮಗ, ಫುಯೆಂತಾಲ್ಬಿಯಾ ಎಂಬ ಹಳ್ಳಿಯಿಂದ 12ನೇ ವಯಸ್ಸಿಗೆ ಅಪ್ಪ ಅಮ್ಮನನ್ನು ಬಿಟ್ಟು ಲಾ ಮಸಿಯಾ ಎಂಬ ಕ್ಲಬ್ಬಿನ ವಸತಿಶಾಲೆಗೆ ಬಂದು ಅತ್ತಿದ್ದ ಹುಡುಗ, ಈಗ ಆಟದ ತುದಿಯಲ್ಲಿದ್ದ.

ಆ ತುದಿಯಲ್ಲೇ ಅವನೊಳಗೆ ಕತ್ತಲೆ ಕವಿಯತೊಡಗಿತ್ತು. ಗಾಯಗಳು ವಾಸಿಯಾಗುತ್ತಿರಲಿಲ್ಲ. ಗೆಳೆಯನ ಸಾವಿನ ಸುದ್ದಿ ಅದನ್ನು ಇನ್ನಷ್ಟು ಆಳಕ್ಕೆ ತಳ್ಳಿತು. ಯಾವಾಗ ರಾತ್ರಿಯಾಗುತ್ತದೋ, ಮಾತ್ರೆ ನುಂಗಿ ಮಲಗುತ್ತೇನೋ ಎಂದು ಕಾಯುತ್ತಿದ್ದೆ ಎಂದು ಮುಂದೊಮ್ಮೆ ಸಂದರ್ಶನದಲ್ಲಿ ಹೇಳಿಕೊಂಡ. 25 ವರ್ಷದ ಆ ಆಟಗಾರ ಒಂದು ರಾತ್ರಿ ಅಪ್ಪ ಅಮ್ಮನ ಕೋಣೆಗೆ ಹೋಗಿ, ನಿಮ್ಮ ಜೊತೆ ಮಲಗಲಾ ಎಂದು ಕೇಳಿದ್ದನಂತೆ. ಮನಶ್ಶಾಸ್ತ್ರಜ್ಞೆಯ ನೆರವು ಪಡೆದ. ಕೋಚ್ ಗಾರ್ಡಿಯೋಲಾ ಅವನ ಸಂಕಟವನ್ನು ಅರ್ಥಮಾಡಿಕೊಂಡು, ಅಭ್ಯಾಸದ ನಡುವೆ ಆಗದೆನಿಸಿದರೆ ಎದ್ದುಹೋಗುವ ಸ್ವಾತಂತ್ರ್ಯ ಕೊಟ್ಟಿದ್ದ.

ಇದನ್ನೆಲ್ಲ ಓದಿದ ದಿನ ನನಗೆ ರೂಮ್‌ಮೇಟ್ ನೆನಪಾದ. ಪಿ.ಯು.ಸಿ.ಯಲ್ಲಿ ರ್‍ಯಾಂಕ್ ಬಂದವನು, ಸ್ಕಾಲರ್‌ಶಿಪ್ ಇದ್ದವನು. ಮೆಸ್ಸಿಗೆ ಬರುವುದು ನಿಲ್ಲಿಸಿದ, ಹಗಲೆಲ್ಲ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. "ಅವನಿಗೇನು ಕಡಿಮೆ? ಕೊಬ್ಬು" ಎಂದು ನಾವು ಆಡಿಕೊಂಡೆವು. ನಾನೂ ಆಡಿದ್ದೇನೆ. ಒಂದು ಬೆಳಿಗ್ಗೆ ಅವರಪ್ಪ ಬಂದು ಟ್ರಂಕು ಎತ್ತಿಕೊಂಡರು. "ಹುಷಾರಿಲ್ಲ ಕಣಪ್ಪ, ಸ್ವಲ್ಪ ದಿನ ಮನೇಲಿರ್ಲಿ" ಎಂದರು. ಅವನು ಮತ್ತೆ ಬರಲಿಲ್ಲ. ಎರಡು ಮಂಚಗಳ ನಡುವೆ ಮೂರಡಿ ಅಂತರವಿತ್ತು. ಏನಾಗ್ತಿದೆ ನಿಂಗೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಆ ವಿಶ್ವಕಪ್ಪಿನ ನಂತರ ಡಿಸೆಂಬರಿನಲ್ಲಿ ಇನಿಯೆಸ್ಟಾ ಎಸ್ಪಾನ್ಯೋಲ್ ಮೈದಾನಕ್ಕೆ ಆಡಲು ಹೋದ. ಬಾರ್ಸಿಲೋನಾ 5-1ರಿಂದ ಗೆದ್ದಿತು. ಆದರೂ ಎದುರಾಳಿ ತಂಡದ ಅಭಿಮಾನಿಗಳು ಅವನಿಗಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮ್ಮ ಹುಡುಗನ ಹೆಸರನ್ನು ಎದೆಯ ಮೇಲೆ ಹೊತ್ತು ಜಗತ್ತಿಗೆ ತೋರಿಸಿದವನನ್ನು ಅವರು ಮರೆಯಲಿಲ್ಲ.

2018ರಲ್ಲಿ 674 ಪಂದ್ಯಗಳ ನಂತರ ಅವನು ಬಾರ್ಸಿಲೋನಾ ಬಿಟ್ಟ. ಜಪಾನಿನ ಕೋಬೆಯಲ್ಲಿ ಐದು ವರ್ಷ, ಆಮೇಲೆ ಎಮಿರೇಟ್ಸ್‌ನಲ್ಲಿ ಒಂದು ಋತು ಆಡಿ, 2024ರ ಅಕ್ಟೋಬರ್ 8ರಂದು ನಿವೃತ್ತಿ ಘೋಷಿಸಿದ. ಬಾರ್ಸಿಲೋನಾದಲ್ಲಿ ಅವನ ಜೆರ್ಸಿ ಸಂಖ್ಯೆಯೂ 8.

ಆ ಸುದ್ದಿ ಬಂದ ರಾತ್ರಿ ಹಳೇ ಗೆಳೆಯರನ್ನು ಕೇಳಿ ರೂಮ್‌ಮೇಟ್‌ನ ನಂಬರ್ ಹುಡುಕಿದೆ. ಆ ಬನಿಯನ್ನಿನ ಫೋಟೋ ಕಳಿಸಿ, 'ಅದು ಹುಡುಗಿ ಹೆಸರಲ್ಲ ಕಣೋ' ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ. ಊರಲ್ಲೇ ಟ್ಯೂಷನ್ ಹೇಳಿಕೊಡುತ್ತಿದ್ದಾನೆ, ಒಬ್ಬಳು ಮಗಳು. ಆ ಮಾತು ಈ ಮಾತು ಆದ ಮೇಲೆ ನಾನು ಕೇಳಿದೆ: "ಆಗ ನಿಂಗೇನಾಗಿತ್ತೋ?"

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, "ಟೈಮ್ ಇದೆಯಾ ನಿಂಗೆ?" ಎಂದ.

ಇದೆ ಎಂದೆ.